ರೇಷ್ಮೆ ಸಿಕ್ಕಿನ ಕವಚ

ಗುಂಡು ತಡೆಯುವ ಅಂಗಿ ಹೊಲಿಯುವುದು ಹೇಗೆಂದು ಯಾವ ತಾಯಿಯೂ ಮಗಳಿಗೆ ಹೇಳಿಕೊಡುವುದಿಲ್ಲ. ನನ್ನ ತಾಯಿ ಸಾರಿನ ಹದ, ಹೋಳಿಗೆಯ ಹದ, ಅತ್ತೆಯ ಮುಂದೆ ಬಾಯಿ ಮುಚ್ಚಿಕೊಂಡಿರುವ ಹದ ಎಲ್ಲವನ್ನೂ ಹೇಳಿಕೊಟ್ಟು ಕಳಿಸಿದ್ದಳು. ಮೂರನೆಯದು ನನಗೆ ಹತ್ತಲಿಲ್ಲ. ಅಂಗಿಯ ವಿದ್ಯೆಯನ್ನು ನಾನೇ ಕಲಿಯಬೇಕಾಯಿತು, ಅದೂ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಅರವತ್ತರ ದಶಕದ ಕೊನೆಯ ವರ್ಷಗಳು. ನನ್ನ ಯಜಮಾನರು ಫಾರೆಸ್ಟ್ ಗಾರ್ಡು. ಮಾರ್ಟಳ್ಳಿ ಕಡೆಯ ಕಾಡಂಚಿನ ಕ್ವಾರ್ಟರ್ಸಿನಲ್ಲಿ ನಾವಿಬ್ಬರು, ಜೊತೆಗೆ ಅತ್ತೆ. ಯಜಮಾನರು ಗಂಧದ ತುಂಡು ಸಾಗಿಸುತ್ತಿದ್ದ ಗಾಡಿಯೊಂದನ್ನು ಹಿಡಿದು ಎತ್ತು ಸಮೇತ ಒಪ್ಪಿಸಿದ್ದರು. ಅದಾದ ಸ್ವಲ್ಪ ದಿನಕ್ಕೆ ಒಬ್ಬ ಗಂಡಸು ನಮ್ಮ ಅಂಗಳಕ್ಕೆ ಬಂದು ನೀರು ಕೇಳಿದ. ಅತ್ತೆ ಚೊಂಬು ಕೊಟ್ಟರು. ಅವನು ನಿಧಾನವಾಗಿ ಕುಡಿದು, ಚೊಂಬನ್ನು ಬೋರಲು ಹಾಕಿ, ಮದುವೆ ಮಾತು ಆಡುವವನಷ್ಟು ಮರ್ಯಾದೆಯಿಂದ ಹೇಳಿದ:

"ಅವ್ವಾ, ನಿಮ್ಮ ಮಗಂದು ಎದೆ ಬೋ ಅಗ್ಲ. ಗುರಿ ತಪ್ಪಾಕಿಲ್ಲ."

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ವರ್ಗ ಮಾಡಿಸಿಕೊಳ್ಳಿ ಎಂದು ಅತ್ತೆ, ಕೆಲಸ ಬಿಟ್ಟುಬಿಡಿ ಎಂದು ನಾನು, ಇಬ್ಬರೂ ಸರದಿಯ ಮೇಲೆ ಅತ್ತೆವು. ಅತ್ತೆ ಸೊಸೆ ಒಂದಾಗಿದ್ದು ಅದೊಂದೇ ವಿಷಯದಲ್ಲಿ. ಯಜಮಾನರು ಇಬ್ಬರ ಮಾತನ್ನೂ ಕೇಳಿಸಿಕೊಂಡು, ಊಟ ಮುಗಿಸಿ, ಕೈ ತೊಳೆದುಕೊಂಡು ಕಾಡಿಗೆ ಹೋದರು. ಹಾಗಾದರೆ ಆ ಅಗಲವಾದ ಎದೆಯ ಮೇಲೆ ಏನನ್ನಾದರೂ ಹೊದಿಸಲೇಬೇಕು ಎಂದು ನಾನು ಹಟ ಹಿಡಿದೆ.

ಯಳಂದೂರಿನಲ್ಲಿ ನನ್ನ ಸೋದರಮಾವ ಇದ್ದ. ಮಿಲಿಟರಿಯಲ್ಲಿದ್ದು ಬಂದವನು. ಕೂತರೆ ಯುದ್ಧ, ನಿಂತರೆ ಯುದ್ಧ, ಮಜ್ಜಿಗೆ ಕುಡಿಯುವಾಗಲೂ ಯುದ್ಧ. ಅವನ ಕಥೆ ಶುರುವಾದರೆ ಎದ್ದು ಓಡುತ್ತಿದ್ದ ನಾನು ಆ ಸಲ ಅವನ ಮುಂದೆ ಬಂದು ಕೂತೆ. ಮಾವ ಮೀಸೆ ತಿರುವಿ ವಿಚಾರಿಸಿದ: ಹೊಡೆಯುವವರ ಕೈಯಲ್ಲಿ ಯಾವ ಬಂದೂಕು ಇದೆ? ನಾಡಬಂದೂಕು ಎಂದೆ. ಮದ್ದು ತುಂಬಿ, ಸೀಸದ ಚರೆ ಜಡಿದು ಹೊಡೆಯುವಂಥದ್ದು. ಹಾಗಾದರೆ ಉಪಾಯವುಂಟು ಎಂದ. ರೈಫಲ್ಲಿನ ಗುಂಡಾದರೆ ಅದನ್ನು ತಡೆಯುವಂಥದ್ದನ್ನು ಮನುಷ್ಯ ಹೊತ್ತು ನಡೆಯಲಾರ. ಚರೆ ಹಾಗಲ್ಲ, ದೂರ ಹೋದಷ್ಟೂ ಸೋಲುತ್ತದೆ. ಎದೆ, ಹೊಟ್ಟೆ, ಬೆನ್ನು ಮುಚ್ಚಬೇಕು. ಕೈ ಎತ್ತಿ ಇಳಿಸಲು ಕಂಕುಳು ಬಿಡಬೇಕು. ಕುತ್ತಿಗೆ, ಭುಜ ದೇವರಿಗೆ ಬಿಟ್ಟಿದ್ದು. ಇಷ್ಟು ಹೇಳಿ ಕೊನೆಗೆ ಅವನು ಒಂದು ಮಾತು ಸೇರಿಸಿದ:

"ತೊಟ್ಕಂಡ್ರೆ ಕವಚ ಕಣವ್ವ. ಗೂಟಕ್ಕೆ ನೇತಾಕಿದ್ರೆ ಬರೀ ಬಟ್ಟೆ. ನಿನ್ ಗಂಡ ತೊಟ್ಕಳ್ಳೋ ಅಂತದ್ ಒಲಿ."

ಮೊದಲು ಎಣ್ಣೆ ಡಬ್ಬ ಸೀಳಿಸಿ, ತಗಡನ್ನು ಗೋಣಿಯೊಳಗೆ ಇಟ್ಟು ಹೊಲಿದೆ. ಯಜಮಾನರು ಅದನ್ನು ತೊಟ್ಟು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರು. ಪಾತ್ರೆ ಮಾರುವವನು ಬಂದನೆಂದು ಪಕ್ಕದ ಮನೆಯವಳು ಬಾಗಿಲಿಗೆ ಬಂದಳು. ಆನೆ ಓಡಾಡುವ ದಾರಿಯಲ್ಲಿ ಆ ಸದ್ದು ಮಾಡಿಕೊಂಡು ಹೋದರೆ ಕಳ್ಳರ ಗುಂಡೇ ಬೇಕಾಗುವುದಿಲ್ಲ ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಎಮ್ಮೆ ಚರ್ಮ. ಹದ ಮಾಡಿದ ದಪ್ಪ ಚರ್ಮವನ್ನು ಹನೂರಿನಿಂದ ತರಿಸಿದೆ. ಅತ್ತೆ ಅದನ್ನು ಹೊಸ್ತಿಲು ದಾಟಿಸಲು ಬಿಡಲಿಲ್ಲ. ನಾವು ಲಿಂಗ ಕಟ್ಟುವವರು. ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿಟ್ಟು, ದಾರ ಹಾಕಿ, ಎದೆಯ ಮೇಲೆ ಧರಿಸಿರುತ್ತೇವೆ. ಅಂಥ ಎದೆಗೆ ಸತ್ತ ಎಮ್ಮೆಯ ಚರ್ಮ ಸುತ್ತಿದರೆ ಕಾಯುವ ಶಿವನೂ ಎದ್ದುಹೋಗುತ್ತಾನೆ ಎಂದು ಕಣ್ಣೀರು ಹಾಕಿದರು. ಶಿವ ಹೋದರೂ ಗಂಡ ಉಳಿದರೆ ಸಾಕು ಎಂದು ನಾನು ಬಾಯಿಬಿಟ್ಟು ಅಂದುಬಿಟ್ಟೆ. ಅವತ್ತು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಯಜಮಾನರೂ ಚರ್ಮ ಬೇಡವೆಂದರು.

ದಿಕ್ಕು ತೋಚದೆ ಕೊಳ್ಳೇಗಾಲಕ್ಕೆ ಹೋದೆ. ನನ್ನ ತವರಿನಲ್ಲಿ ರೇಷ್ಮೆ ಬಿಚ್ಚುವ ಚರಕಗಳಿದ್ದವು. ಗೂಡು ಬೇಯುವ ಆ ನಾತದಲ್ಲೇ ಹುಟ್ಟಿ ಬೆಳೆದು, ಮದುವೆಯಾಗಿ ಹೋಗುವಾಗ ಇನ್ನು ಇದು ತಪ್ಪಿತು ಎಂದು ಸಂತೋಷಪಟ್ಟಿದ್ದವಳು ನಾನು. ನೂಲು ಬಿಚ್ಚಿದ ಮೇಲೆ ಚರಕದ ಬುಡದಲ್ಲಿ ಉಳಿಯುವ ಸಿಕ್ಕನ್ನು ಚಿಕ್ಕವಳಿದ್ದಾಗ ಹರಿಯಲು ಹೋಗಿ ಬೆರಳು ಕೊಯ್ದುಕೊಂಡದ್ದು ಅಲ್ಲಿ ಕೂತಾಗ ನೆನಪಾಯಿತು. ಕತ್ತಿಗೂ ಸುಲಭಕ್ಕೆ ಬಗ್ಗದ ವಸ್ತು ಅದು. ಹಗುರ, ಸದ್ದಿಲ್ಲ, ಮಡಿಗೂ ಭಂಗವಿಲ್ಲ. ಒಂದು ಮೂಟೆ ಸಿಕ್ಕು ಕೊಡು ಎಂದಾಗ ಅಪ್ಪ ನನ್ನ ಮುಖ ನೋಡಿದರು. ಯಾಕೆ ಎಂದು ಕೇಳಲಿಲ್ಲ, ಎರಡು ಮೂಟೆ ಕಟ್ಟಿಸಿ ಬಸ್ಸಿನ ಮೇಲೆ ಹಾಕಿಸಿದರು.

ಸಿಕ್ಕನ್ನು ನೀರಿನಲ್ಲಿ ಅದ್ದಿ, ಹಲಗೆಯ ಮೇಲೆ ಬಡಿದು, ರೊಟ್ಟಿಯಂತೆ ತಟ್ಟಿ ಒಣಗಿಸಿದೆ. ಪದರದ ಮೇಲೆ ಪದರವಿಟ್ಟು, ನಡುವೆ ನನ್ನ ಹಳೆಯ ರೇಷ್ಮೆ ಸೀರೆಯ ತುಂಡು ಹಾಕಿ, ಕೌದಿ ಹೊಲಿಯುವ ಹಾಗೆ ಒತ್ತೊತ್ತಾಗಿ ಹೊಲಿದೆ. ಬೆರಳು ತೂತಾದವು. ಕರಡಿಗೆ ಪಕ್ಕೆಗೆ ಒತ್ತಬಾರದೆಂದು ಒಳಗಡೆ, ಎಡಗಡೆಗೆ, ಅದು ಕೂರುವಷ್ಟೇ ಒಂದು ಪುಟ್ಟ ಜೇಬು ಇಟ್ಟೆ. ಅತ್ತೆ ಆ ಜೇಬಿಗೆ ವಿಭೂತಿ ಹಚ್ಚಿದರು.

ಅಜ್ಜೀಪುರದಲ್ಲಿ ನಮ್ಮ ನೆಂಟರೊಬ್ಬರ ಬಳಿ ಹಂದಿಯಿಂದ ಬೆಳೆ ಕಾಯುವ ಬಂದೂಕಿತ್ತು. ಅವರ ಕಣದಲ್ಲಿ ಬಾಳೆ ದಿಂಡು ನೆಟ್ಟು, ಅದಕ್ಕೆ ಅಂಗಿ ತೊಡಿಸಿದೆವು. ಹೊಡೆಯಲು ಮಾವನೇ ಯಳಂದೂರಿನಿಂದ ಬಂದಿದ್ದ. ಕಣದ ಆ ತುದಿಯಿಂದ ಹೊಡೆದಾಗ ಚರೆಗಳೆಲ್ಲ ಸಿಕ್ಕಿನಲ್ಲೇ ಸಿಕ್ಕಿಬಿದ್ದವು. ದಿಂಡಿಗೆ ಒಂದು ಗೀರೂ ಆಗಿರಲಿಲ್ಲ. ನಾನು ಅದನ್ನು ತಬ್ಬಿಕೊಂಡು ಅತ್ತೆ. ಹತ್ತಿರ ಬಂದು ಹೊಡೆದಾಗ ತೂತು ಬಿತ್ತು, ಬಾಳೆಯ ನೀರು ಇಳಿಯಿತು. ಹತ್ತಿರದಿಂದ ಹೊಡೆದರೆ ಮಾದಪ್ಪನೇ ಗತಿ ಎಂದು ಮಾವ ತಲೆ ಅಲ್ಲಾಡಿಸಿದ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ. ಹರಿದ ಕಡೆ ತೇಪೆ ಹಾಕಿ, ಆ ಹುಲ್ಲುಕಡ್ಡಿಯನ್ನು ಅವರಿಗೆ ತೊಡಿಸಿದೆ.

ಅವರು ಬೇಡವೆನ್ನಲಿಲ್ಲ. ದಿನಾ ಬೆಳಿಗ್ಗೆ ಬನಿಯನ್ ಮೇಲೆ ಅದನ್ನು ತೊಟ್ಟು, ಮೇಲೆ ಖಾಕಿ ಹಾಕಿಕೊಂಡು ಹೊರಡುತ್ತಿದ್ದರು. ಗೇಟಿನ ಹತ್ತಿರ ಅವರ ಜೊತೆ ಕಾಡು ಸುತ್ತುವ ವಾಚರ್ ಕಾದಿರುತ್ತಿದ್ದ, ಹತ್ತಿರದ ಹಳ್ಳಿಯ ಒಕ್ಕಲ ಮನೆಯವನು, ಕನ್ನಡ ತಮಿಳು ಎರಡೂ ಆಡುವ ಸಣಕಲ. ಇಬ್ಬರೂ ಹಳ್ಳದ ಕಡೆ ಇಳಿದು ಮರೆಯಾಗುತ್ತಿದ್ದರು. ಸಂಜೆ ಬರುವಾಗಲೂ ಅಂಗಿ ಮೈಮೇಲೇ ಇರುತ್ತಿತ್ತು. ಬೇಸಿಗೆಯಲ್ಲೂ ಅವರ ಬೆನ್ನಿಗೆ ಒಂದು ಬೆವರುಸಾಲೆಯೂ ಏಳಲಿಲ್ಲ. ನನ್ನ ಹೊಲಿಗೆಯ ಜಾಣತನ ಎಂದುಕೊಂಡೆ.

ಒಂದು ದಿನ ಅಂಗಿಯನ್ನು ಬಿಸಿಲಿಗೆ ಹಾಕಲು ಹೋದಾಗ ಹೊಗೆಸೊಪ್ಪಿನ ವಾಸನೆ ಹೊಡೆಯಿತು. ಕರಡಿಗೆಯ ಜೇಬಿಗೆ ಬೆರಳು ಹಾಕಿದೆ. ಹೊಗೆಸೊಪ್ಪಿನ ಪುಡಿ, ಒಣಗಿದ ಸುಣ್ಣ. ನಮ್ಮ ಮನೆಯಲ್ಲಿ ಯಾರೂ ಅದನ್ನು ಮುಟ್ಟಿದವರಲ್ಲ. ನನ್ನ ಮೈ ಉರಿಯಿತು.

"ಲಿಂಗ ಇರೋ ಜಾಗ್ದಲ್ಲಿ ಒಗೆಸೊಪ್ಪು ಮಡಿಕ್ಕಂಡಿದ್ದೀರಲ್ಲ, ಯಾವಾಗಿಂದ ಕಲಿತ್ರಿ ಇದ?" ಎಂದು ಕೇಳಿದೆ.

ಅವರು ಅಂಗಿಯನ್ನೂ ನನ್ನನ್ನೂ ನೋಡಿದರು. "ಇನ್ಮೇಲೆ ಮಡಗಲ್ಲ ಬುಡು" ಎಂದರು, ಅಷ್ಟೇ. ಅತ್ತೆಗೂ ಗೊತ್ತಾಯಿತು. ಆಕೆ ಮಗನ ಜೊತೆ ಮಾತು ಬಿಟ್ಟರು, ನಾನು ಮಾತಿಗೆ ಬದಲು ಪಾತ್ರೆ ಕುಕ್ಕಿದೆ. ಅವರು ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಮಾಡದ ತಪ್ಪಿಗೆ ಅಷ್ಟು ಬೈಸಿಕೊಳ್ಳುವ ಗಂಡಸು ಇರುತ್ತಾನೆಂದು ನನಗೆ ಹೇಗೆ ತಿಳಿಯಬೇಕು?

ಕೊನೆಗೆ ಗಂಧದ ಕಳ್ಳರು ಪಾಲಾರ್ ಕಡೆಯ ಇಳಿಜಾರಿನಲ್ಲಿ, ಬೆಳಗಿನ ಹೊತ್ತಿನಲ್ಲೇ ಹೊಡೆದರು. ಹತ್ತಿರದ ಊರಿನವರು ಯಜಮಾನರನ್ನು ದೊಡ್ಡ ರಸ್ತೆಗೆ ಹೊತ್ತು ತಂದು, ಬಿದಿರಿನ ಲಾರಿ ನಿಲ್ಲಿಸಿ, ಕ್ವಾರ್ಟರ್ಸಿಗೆ ಹೇಳಿಕಳಿಸಿದ್ದರು. ಬಿದಿರಿನ ಮೇಲೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲದವರೆಗೆ ಬಂದೆ. ಆಸ್ಪತ್ರೆಯಲ್ಲಿ ಖಾಕಿ ಅಂಗಿಯನ್ನು ಕತ್ತರಿಸಿ ತೆಗೆದರು. ಒಳಗೆ ಬನಿಯನ್, ಬನಿಯನ್ ತುಂಬ ರಕ್ತ, ರಕ್ತದ ನಡುವೆ ಕರಡಿಗೆ. ನನ್ನ ರೇಷ್ಮೆ ಅಂಗಿ ಇರಲಿಲ್ಲ. ಭುಜದಲ್ಲಿ ಚರೆ, ಎದೆಯಲ್ಲೂ ಚರೆ.

ಬೈದೆನಲ್ಲ, ಅದಕ್ಕೇ ತೆಗೆದುಹಾಕಿದರು ಎಂದುಕೊಂಡೆ. ಒಂದು ಚಿಟಿಕೆ ಹೊಗೆಸೊಪ್ಪಿಗೆ ಗಂಡನನ್ನು ಕೊಂದುಕೊಂಡೆ ಎಂದು ಆಸ್ಪತ್ರೆಯ ಜಗಲಿಯಲ್ಲಿ ಕಂಬಕ್ಕೆ ತಲೆ ಚಚ್ಚಿಕೊಂಡೆ. ಸುದ್ದಿ ಕೇಳಿ ತವರಿನಿಂದ ಬಂದಿದ್ದ ಅಮ್ಮ ಹಿಡಿದುಕೊಂಡಳು. ಒಳಗೆ ಡಾಕ್ಟರು ಸಿಕ್ಕಷ್ಟು ಚರೆ ತೆಗೆದರು. ಆಳದಲ್ಲಿ ಇನ್ನೂ ಇವೆ, ನಂಜು ಏರದಿದ್ದರೆ ಸರಿ ಎಂದರು. ಮಾರನೆಯ ದಿನ ಜ್ವರ ಬಂತು, ಇಳಿಯಲಿಲ್ಲ.

ಅದೇ ದಿನ ಮಧ್ಯಾಹ್ನ ಒಬ್ಬ ಹೆಂಗಸು ಕಂಕುಳಲ್ಲಿ ಗಂಟು ಹಿಡಿದು ಜಗಲಿಗೆ ಬಂದಳು. ವಾಚರನ ಹೆಂಡತಿ. ಅವಳನ್ನು ನಾನು ಅದಕ್ಕೆ ಮುಂಚೆ ಸಂತೆಯಲ್ಲಿ ನೋಡಿದ್ದೆ, ಮಾತಾಡಿಸಿರಲಿಲ್ಲ. ಗಂಟು ಬಿಚ್ಚಿ ನನ್ನ ಮುಂದೆ ಹರಡಿದಳು. ನನ್ನ ಅಂಗಿ. ಎದೆಯ ಭಾಗವೆಲ್ಲ ಜರಡಿಯಾಗಿತ್ತು.

"ನಮ್ಮೋರ್ಗೆ ಒಂದೂ ಒಳೀಕ್ ಓಗ್ನಿಲ್ಲ ಅಕ್ಕಾ" ಎಂದಳು. "ಗಾರ್ಡಯ್ಯ ದಿನಾ ಅಳ್ಳದ ತಾವ ಬಿಚ್ಚಿ ಇವ್ರಿಗೆ ತೊಡಿಸ್ತಿದ್ರಂತೆ. ಮುಂದ್ಕ ನಡಿಯೋನ್ಗೇ ಮೊದ್ಲು ಬೀಳೋದು ಅಂತ. ನೆನ್ನೆ ಇವ್ರು ಬಿದ್ದೋದ್ರು ಅಂತ ಎತ್ತಕ್ಕೆ ಗಾರ್ಡಯ್ಯ ಬಂದ್ರಂತೆ, ಆಗ ಎರಡ್ನೇ ಏಟು..."

ನನಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಕಾಡಿನ ಕಾಲುದಾರಿಯಲ್ಲಿ ವಾಚರ್ ಮುಂದೆ, ಗಾರ್ಡು ಹಿಂದೆ. ಅದು ಅಲ್ಲಿಯ ರೂಢಿ. ಬಂದೂಕು, ಚರೆ, ಚರ್ಮ, ತಗಡು ಎಲ್ಲ ವಿಚಾರಿಸಿದ ನನಗೆ ನಡೆಯುವಾಗ ಯಾರು ಮುಂದಿರುತ್ತಾರೆ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ಬೆವರುಸಾಲೆ ಏಳದ ಬೆನ್ನು, ಜೇಬಿನ ಹೊಗೆಸೊಪ್ಪು, ಎಲ್ಲ ಆಗ ಅರ್ಥವಾಯಿತು.

ಅವಳು ಅಳುತ್ತಲೇ ಇನ್ನೊಂದು ಮಾತು ಕೇಳಿದಳು. ಗಂಡ ಮತ್ತೆ ಕಾಡಿಗೆ ಹೋಗಬೇಕು, ಬೇರೆ ಗಾರ್ಡು ಬರುತ್ತಾರಂತೆ. "ಒಸಿ ಒಲ್ಕೊಡಿ ಅಕ್ಕಾ. ನಂಗೆ ಈ ಒಲಿಗೆ ಬರಕಿಲ್ಲ."

ಆ ಅಂಗಿಯನ್ನು ಕಿತ್ತುಕೊಂಡು ಗೂಡು ಬೇಯಿಸುವ ಒಲೆಗೆ ಹಾಕಬೇಕೆನಿಸಿತು. ನನ್ನ ಸೀರೆ, ನನ್ನ ಬೆರಳಿನ ರಕ್ತ, ನನ್ನ ಅಪ್ಪನ ರೇಷ್ಮೆ, ಉಳಿದದ್ದು ಮಾತ್ರ ಅವಳ ಗಂಡ. ಎದುರು ಕೂತ ಅವಳ ಮೇಲೆ ದ್ವೇಷ ಉಕ್ಕಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಆದರೆ ಅವಳು ಅಂಗಿಯ ತೂತುಗಳಿಗೆ ಒಂದೊಂದಾಗಿ ಬೆರಳಿಟ್ಟು ನೋಡುತ್ತಿದ್ದಳು, ಅಜ್ಜೀಪುರದ ಕಣದಲ್ಲಿ ನಾನು ನೋಡಿದ ಹಾಗೇ. ಸೂಜಿ ತರಲು ಅಮ್ಮನನ್ನು ಮನೆಗೆ ಕಳಿಸಿದೆ. ಹೊಲಿಯಲು ಅಂಗಿ ಅದುಮಿದಾಗಲೆಲ್ಲ ಚರೆಗಳು ಒಂದೊಂದೇ ನನ್ನ ಮಡಿಲಿಗೆ ಉದುರಿದವು. ಒಂದೊಂದಕ್ಕೂ ಶಾಪ ಹಾಕಿದೆ. ಪಕ್ಕದ ಹೊಲಿಗೆ ಬಿಚ್ಚಿ, ಆ ಸಣಕಲನ ಮೈಗೆ ಸರಿಯಾಗಿ ಒಳಗೆ ತೆಗೆದುಕೊಂಡೆ. ಜೇಬನ್ನು ಹಾಗೇ ಬಿಟ್ಟೆ.

ಅವಳು ಹೋದ ಮೇಲೆ ಒಳಗೆ ಹೋದೆ. ಯಜಮಾನರಿಗೆ ಎಚ್ಚರವಾಗಿತ್ತು. ಮೈ ಕೆಂಡವಾಗಿತ್ತು. ಜಗಲಿಯ ಮಾತೆಲ್ಲ ಕಿಟಕಿಯಿಂದ ಕೇಳಿಸಿಕೊಂಡಿದ್ದರು.

"ಒಲ್ದ್ಯಾ?" ಎಂದರು.

"ಒಲ್ದೆ."

ಬಯ್ಯುತ್ತೇನೆಂದು ಕಾದರೋ ಏನೋ. ನಾನು ಬಯ್ಯಲಿಲ್ಲ. ಅವರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನಾನು ಭಯ ಕಂಡದ್ದು ಅದೇ ಮೊದಲು.

"ನಂಗೂ ಒಂದ್ ಒಲ್ಕೊಡು" ಎಂದರು.

ಮದುವೆಯಾದಂದಿನಿಂದ ನನ್ನನ್ನು ಏನೂ ಕೇಳದ ಮನುಷ್ಯ. ಸೂಜಿಯಲ್ಲಿ ಉಳಿದಿದ್ದ ರೇಷ್ಮೆ ದಾರವನ್ನು ಬಿಚ್ಚಿ, ಅಳತೆಗೆಂದು ಅವರ ಬೆನ್ನಿನ ಕೆಳಗೆ ತೂರಿಸಿ ತಂದೆ. ಬ್ಯಾಂಡೇಜಿನ ಮೇಲೆ, ಕರಡಿಗೆಯ ಮೇಲೆ, ನೋಯದ ಹಾಗೆ ಸುತ್ತಿದೆ. ದರ್ಜಿಯ ಮುಂದೆ ನಿಂತವರಂತೆ ಅವರು ಉಸಿರು ಎಳೆದು ಎದೆ ಉಬ್ಬಿಸಲು ನೋಡಿದರು. ಆಗಲಿಲ್ಲ. ತುದಿ ಬಂದು ಮುಟ್ಟಿದ ಕಡೆ ಗುರುತಿಗೆ ಒಂದು ಗಂಟು ಹಾಕಿದೆ. ನಾಳೆಯೇ ಅಪ್ಪನ ಹತ್ತಿರ ಸಿಕ್ಕು ಕೇಳುತ್ತೇನೆ, ಈ ಸಲ ಭುಜಕ್ಕೂ ಪದರ ಇಡುತ್ತೇನೆ, ಕುತ್ತಿಗೆಗೂ ಇಡುತ್ತೇನೆ ಎಂದು ಹೇಳುತ್ತಾ ಹೋದೆ. ಅವರು ಹೂಂ ಎನ್ನುತ್ತಿದ್ದರು.

ಮಾರನೆಯ ದಿನ ಹೊತ್ತು ಏರುವ ಮುಂಚೆಯೇ ಅವರು ಹೋದರು. ರಾತ್ರಿಯೇ ಅಮ್ಮನ ಕೈಲಿ ಹೇಳಿಕಳಿಸಿದ್ದೆ, ಅಪ್ಪ ಕಳಿಸಿದ ಸಿಕ್ಕಿನ ಮೂಟೆ ಆಗಲೇ ಆಸ್ಪತ್ರೆಯ ಜಗಲಿಗೆ ಬಂದಿತ್ತು. ವಾಚರ್ ಅದೇ ಅಂಗಿ ತೊಟ್ಟು ಮಣ್ಣಿಗೆ ಬಂದಿದ್ದ. ಆಮೇಲೆಯೂ ಬಹಳ ಕಾಲ ಬದುಕಿದ್ದ. ಆ ದಾರ ಮಾತ್ರ ನನ್ನ ಟ್ರಂಕಿನಲ್ಲಿದೆ. ತುದಿಯಿಂದ ಗಂಟಿನವರೆಗೆ ಒಬ್ಬ ಗಂಡಸಿನ ಅಗಲವಾದ ಎದೆಯ ಅಳತೆ. ಅಂಗಿ ಹೊಲಿಯಲಿಲ್ಲ.