ಗಾಳಿಗೆ ಅಡ್ಡಿ ಇಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಒಂದೊಂದು ಕಟ್ಟಡ. ಆಹಾರ ತಯಾರಾಗುವ ಈ ಕಟ್ಟಡಗಳಿಗೆ ಎಷ್ಟು ನೀರು ಬೇಕು, ಎಷ್ಟು ಹೊಗೆ ಬಿಡುತ್ತವೆ, ಹಗಲಲ್ಲೂ ದೀಪ ಹಚ್ಚಬೇಕೇ ಎಂದು ಅಳೆದು, ಪರಿಸರಕ್ಕೆ ಹೊರೆಯಾಗದ ಒಂದನ್ನು ಮಾದರಿಯಾಗಿ ಆರಿಸುವುದು ನಮ್ಮ ಕೆಲಸ. ನಾವೆಂದರೆ ನಾನು ಮತ್ತು ಮೈಸೂರಿನಿಂದ ಬಂದ ನನ್ನ ಸಹೋದ್ಯೋಗಿ. ಕೆಲಸ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನು ಗೋಕಾಕದ ಹೊಸ ಕಚೇರಿಗೆ ಕಳಿಸುವುದಾಗಿ ಮೇಲಧಿಕಾರಿ ಹೇಳಿದ್ದರು. ಇನ್ನೊಬ್ಬರು ಬೆಳಗಾವಿಯಲ್ಲೇ ಉಳಿಯಬೇಕು. ನನ್ನೂರು ಗೋಕಾಕದ ಹತ್ತಿರದ ನಾಗನೂರ. ಗೋಕಾಕದ ಕುರ್ಚಿ ನನ್ನದೇ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಗೋಕಾಕದ ಕರದಂಟಿನ ಕಾರ್ಖಾನೆಗೆ ಇಬ್ಬರೂ ಹೋದೆವು. ಅಂಟು ಹುರಿಯುವ ಒಲೆಯ ಬಳಿ ನಾನು ಶಾಖ ಅಳೆಯುತ್ತಿದ್ದರೆ, ಅವಳು ಕೊಬ್ಬರಿ ಹೆಚ್ಚುವ ಹೆಂಗಸರ ನಡುವೆ ಕೂತುಬಿಟ್ಟಳು.

"ನಿನ್ನ ಮಾತ ಕೇಳಾಕ ಚಂದ ಐತಿ ನೋಡವಾ. ತಗೋ, ಬಿಸೀದ ತಿನ್ನು," ಎಂದು ಒಬ್ಬಾಕೆ ಅವಳ ಅಂಗೈಗೆ ಕರದಂಟು ಇಟ್ಟಳು. ಆಮೇಲೆ ನನ್ನತ್ತ ತಿರುಗಿ, "ನೀವೇನ್ರಿ, ಇಲ್ಲಿಯವರು. ದಿನಾ ತಿಂತೀರಿ," ಎಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಸೀಮೆಯಲ್ಲೇ ಅವಳಿಗೆ ಏಕವಚನ, ನನಗೆ ಬಹುವಚನ.

ಮೂಡಲಗಿಯ ಬೆಲ್ಲದ ಗಾಣ ನನ್ನ ಪಾಲಿಗೆ, ಹುಕ್ಕೇರಿಯ ಖಾರದಪುಡಿ ಗಿರಣಿ ಅವಳ ಪಾಲಿಗೆ ಬಂತು. ಕಡಾಯಿಯ ಆವಿ ಹೊರಹೋಗುವ ದಾರಿಯಿಂದ ಹಿಡಿದು ತೊಳೆದ ನೀರು ಹರಿಯುವ ಕಾಲುವೆಯವರೆಗೆ ನಾನು ಏನನ್ನೂ ಬಿಡದೆ ಅಳೆದೆ. ಅವಳು ಹೋದ ದಿನ ಕರೆಂಟ್ ಇರಲಿಲ್ಲವಂತೆ, ಗಿರಣಿ ನಿಂತಿತ್ತಂತೆ.

"ಹಿಂದಿನ ಗೋಡೆ ತುಂಬ ಕಿಟಕಿಗಳಿವೆ ಸರ್, ಅವತ್ತು ಮುಚ್ಚಿದ್ದವು," ಎಂದಳು ಸಭೆಯಲ್ಲಿ. "ಗಾಳಿ ಹೇಗೆ ಅಂತ ಮಾಲೀಕರನ್ನೇ ಕೇಳಿದೆ. ಅಡ್ಡಿ ಇಲ್ಲ ಅಂದ್ರು."

"ಅಡ್ಡಿನೇ ಇಲ್ಲ ಅಂದಮೇಲೆ ಅದೇ ಮಾದರಿ ಆಗಲಿ," ಎಂದರು ಮೇಲಧಿಕಾರಿ. ಅವರೂ ಮೈಸೂರು ಕಡೆಯವರೇ.

ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಕಡೆ ಹೊಸ ಸೊಸೆಯ ರೊಟ್ಟಿಗೂ ಅಡ್ಡಿ ಇಲ್ಲ, ಜ್ವರ ಇಳಿದವನ ಮೈಗೂ ಅಡ್ಡಿ ಇಲ್ಲ. ಪರವಾಗಿಲ್ಲ, ನಡೆಯುತ್ತದೆ ಎಂದಷ್ಟೇ ಅದರ ಅರ್ಥ. "ಗಿರಣಿ ನಡೆಯುವಾಗ ಇನ್ನೊಮ್ಮೆ ನೋಡೋಣ," ಎಂದೆ. ಕಾರಣ ಹೇಳಲಿಲ್ಲ. ಅವಳ ಮುಖ ಸಪ್ಪಗಾಗುವುದನ್ನು ಗಿರಣಿಯಲ್ಲೇ ನಿಂತು ನೋಡುವ ಆಸೆ ನನಗೆ.

ಮರುದಿನ ಹುಕ್ಕೇರಿಯಲ್ಲಿ ಕಿಟಕಿ ತೆರೆದರೆ ಕೈ ಚಾಚುವಷ್ಟು ದೂರದಲ್ಲಿ ಪಕ್ಕದ ಗೋದಾಮಿನ ಗೋಡೆ. ಒಳಗೆ ಮೆಣಸಿನಕಾಯಿ ಘಾಟು.

"ಅಡ್ಡಿ ಇಲ್ಲ ಅಂದಿದ್ರಲ್ಲ ಸರ್?" ಎಂದು ಮಾಲೀಕರನ್ನು ಕೇಳಿದಳು.

"ಹೂನ್ರಿ ಮೇಡಮ್ಮಾರ, ಅಡ್ಡಿ ಇಲ್ಲ," ಎಂದರು ಮಾಲೀಕರು, ಸೀನುತ್ತ. "ಭಾಳ ಚಲೋ ಐತಿ ಅಂತ ನಾ ಎಲ್ಲಿ ಅಂದೆ?"

ನಾನು ಆ ಪದದ ಅರ್ಥ ಬಿಡಿಸಿ ಹೇಳಿದೆ. ಅವಳ ಮುಖ ಸಪ್ಪಗಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾಲೀಕರೂ ನಕ್ಕು ಚಹಾ ತರಿಸಿದರು. ಕಚೇರಿಗೆ ಬಂದವಳೇ ಸೀನು ಸಮೇತ ಎಲ್ಲವನ್ನೂ ಮೇಲಧಿಕಾರಿಯ ಮುಂದೆ ಅಭಿನಯಿಸಿ ತೋರಿಸಿದಳು. ನಾನು ಹಿಡಿದ ತಪ್ಪು ಅವಳ ಕತೆಯಾಯಿತು.

ಮೂಡಲಗಿಯ ಗಾಣವೇ ಮಾದರಿಯಾಯಿತು. ಗೋಕಾಕದ ಕುರ್ಚಿ ಮಾತ್ರ ಅವಳಿಗೆ ಹೋಯಿತು. "ಜನ ಅವಳ ಜೊತೆ ಮಾತಾಡ್ತಾರೆ," ಎಂದರು ಮೇಲಧಿಕಾರಿ. "ನಿಮ್ಮ ಲೆಕ್ಕ ಪಕ್ಕಾ. ನೀವು ಇಲ್ಲೇ ಬೇಕು."

ಈಗ ಬೆಳಗಾವಿಯಲ್ಲಿ ಕೂತು ಅವಳು ಕಳಿಸುವ ಅಳತೆಗಳನ್ನು ಕೂಡಿಸುತ್ತೇನೆ. ಕಳೆದ ವಾರ ಅವ್ವ ಫೋನ್ ಮಾಡಿದಳು.

"ನಿನ್ನ ಗೆಳತಿ ಬಂದಿದ್ಲು. ನಾಗನೂರ ನೋಡಾಕ ಬಂದೇನಿ ಅಂದ್ಲು. ಎರಡ ರೊಟ್ಟಿ ತಿಂದ್ಲು ನೋಡು, ಬದನಿಕಾಯಿ ಪಲ್ಯಾ ಮತ್ತ ಹಾಕಿಸಿಕೊಂಡ್ಲು. ಹೆಂಗ ಆಗೇತಿ ಅಂತ ಕೇಳಿದ್ರ ಅಡ್ಡಿ ಇಲ್ರಿ ಅಂತಾಳ, ಖೋಡಿ."

ಅವ್ವ ಬಹಳ ಹೊತ್ತು ನಕ್ಕಳು. ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ನೆನಪಿಲ್ಲ.

"ನೀ ಹೆಂಗ ಅದಿ?" ಎಂದು ಕೇಳಿದಳು ಕೊನೆಗೆ.

ಬೇರೆ ಪದ ಹುಡುಕಿದೆ, ಸಿಗಲಿಲ್ಲ.

"ಅಡ್ಡಿ ಇಲ್ಲ," ಎಂದೆ.