ಕರೆಂಟ್ ಹೋಗಲಿ ಎಂದು ಕಾಯುವ ನಿಖತ

ಮಮದಾಪುರದ ಹಾಲಿನ ಡೇರಿಯ ಮುಂದೆ ಈಗಷ್ಟೇ ಬೆಳಕು ಹರಿದಿದೆ. ಒಳಗಿನ ದೀಪ ಆರಿಸಿಯಾಗಿದೆ. ಕ್ಯಾನು, ಕೊಡ, ಸ್ಟೀಲಿನ ಡಬ್ಬಿ ಹಿಡಿದವರ ಸಾಲು ಬಾಗಿಲು ದಾಟಿ ಬೇವಿನ ಗಿಡದವರೆಗೆ ಬಂದಿದೆ. ಕರೆಂಟ್ ಹೋಗದಿದ್ದರೆ ಸಾಕು ಎಂಬುದು ಎಲ್ಲರ ಆಸೆ. ಗೋಡೆಗೆ ಒರಗಿ ನಿಂತ ಒಬ್ಬರು ಮಾತ್ರ ಅದು ಹೋಗಲಿ ಎಂದು ಕಾಯುತ್ತಿದ್ದಾರೆ. ಅವರ ಕಣ್ಣು ಫ್ಯಾಟ್ ಅಳೆಯುವ ಯಂತ್ರದ ಪಕ್ಕದ ಬೂದು ಬಣ್ಣದ ಡಬ್ಬಿಯ ಮೇಲಿದೆ.

ಅವರು ಟಿಕೋಟಾದ ನಿಖತ. ಕರೆಂಟ್ ಕೈಕೊಟ್ಟ ಕೂಡಲೇ ಯಂತ್ರವನ್ನು ಬ್ಯಾಟರಿಗೆ ದಾಟಿಸುವ ಸರ್ಕಿಟ್ ಆ ಡಬ್ಬಿಯೊಳಗಿದೆ. ಅದನ್ನು ಯೋಚಿಸಿ, ನಕ್ಷೆ ಬರೆದು, ಬೆಸುಗೆ ಹಾಕಿದವರು ಅವರೇ. ಬಬಲೇಶ್ವರದ ಸುತ್ತಲಿನ ಏಳೆಂಟು ಡೇರಿಗಳಲ್ಲಿ ಇಂಥ ಡಬ್ಬಿಗಳಿವೆ. ಹಾಲು ಹಾಕುವವರಿಗೆ ನಿಖತ ಯಾರೆಂದು ಗೊತ್ತಿಲ್ಲ.

ತಂದೆ ಚಮನಸಾಬ ರೇಡಿಯೊ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕಲು ಮಗಳು ಕಲಿತದ್ದು ಅವರ ಮೇಜಿನ ಪಕ್ಕದಲ್ಲೇ. ವಿಜಯಪುರದಲ್ಲಿ ಐಟಿಐ ಮುಗಿಸಿ, ಇನ್ವರ್ಟರ್ ಅಂಗಡಿಯೊಂದರಲ್ಲಿ ದುಡಿದು, ಮದುವೆಯಾಗಿ ಟಿಕೋಟಾಕ್ಕೆ ಬಂದರು. ಈಗ ಅಡುಗೆಮನೆಗೆ ಅಂಟಿದ ಕೋಣೆಯೇ ಕಾರ್ಖಾನೆ. ಅತ್ತೆ ರಹಿಮಾಬಿಯವರದು ಒಂದೇ ತಕರಾರು: "ಮನ್ಯಾಗ ಒಲಿ ಹೊಗಿಕಿಂತ ನಿನ್ನ ಹೊಗಿನ ಜಾಸ್ತಿ ಆಗೇತಿ ನೋಡವಾ."

ಇನ್ವರ್ಟರ್ ಇರುವಾಗ ಬೇರೆ ಸರ್ಕಿಟ್ ಯಾಕೆ? "ಇನ್ವರ್ಟರ್ ಬದಲಿ ಆಗೂ ಮುಂದ ರೆಪ್ಪಿ ಬಡಿಯೋವಷ್ಟು ಹೊತ್ತು ಕರೆಂಟ್ ಇರಂಗಿಲ್ರಿ. ಫ್ಯಾನಿಗೆ ಅದು ಗೊತ್ತಾಗಂಗಿಲ್ಲ. ಈ ಮಶೀನ್ ಮಾತ್ರ ಅರ್ಧಕ್ಕ ಬಿಟ್ಟು ಮೊದಲಿಂದ ಶುರು ಮಾಡತೈತಿ," ಎನ್ನುತ್ತಾರೆ ನಿಖತ. ಅವರ ಸರ್ಕಿಟ್‌ನಲ್ಲಿ ಬ್ಯಾಟರಿ ಯಾವಾಗಲೂ ಬೆನ್ನಿಗೆ ನಿಂತಿರುತ್ತದೆ. ಆ ರೆಪ್ಪೆಯ ಹೊತ್ತೂ ಖಾಲಿ ಇರುವುದಿಲ್ಲ.

ತೊಂದರೆ ಬಂದದ್ದೂ ಅಲ್ಲಿಂದಲೇ. ಈ ಡೇರಿಗೆ ಕೂಡಿಸಿದ ಮೊದಲ ಡಬ್ಬಿ ಎಷ್ಟು ಸದ್ದಿಲ್ಲದೆ ಕೆಲಸ ಮಾಡಿತೆಂದರೆ, ಕರೆಂಟ್ ಹೋಗಿದ್ದು ಯಾರಿಗೂ ತಿಳಿಯಲೇ ಇಲ್ಲ. ಡಬ್ಬಿಗಿದ್ದ ಚಾರ್ಜಿಂಗ್ ಕಿಂಡಿಗಳಿಗೆ ಮೊಬೈಲ್ ಚುಚ್ಚಿಕೊಂಡು ಎಲ್ಲರೂ ಹರಟುತ್ತ ನಿಂತರು. ಬ್ಯಾಟರಿ ಬರಿದಾಗಿ, ಎಮ್ಮೆ ಹಾಲು ತಂದಿದ್ದ ಗುರುಬಸವ್ವನ ಸ್ಯಾಂಪಲ್ ಒಳಗಿರುವಾಗಲೇ ಯಂತ್ರ ಸತ್ತಿತು. ಆಕೆಯ ಉಳಿದ ಹಾಲು ಆಗಲೇ ದೊಡ್ಡ ಕ್ಯಾನಿಗೆ ಸೇರಿತ್ತು, ಮತ್ತೆ ಅಳೆಯಲು ಹನಿ ಉಳಿದಿರಲಿಲ್ಲ. ಹಾಲಿನ ದರ ಕಟ್ಟುವುದು ಫ್ಯಾಟಿನ ಅಂಕಿಯ ಮೇಲೆಯೇ. ಆಕೆ ಡೇರಿಯ ಬಾಗಿಲಲ್ಲೇ ಕೂತುಬಿಟ್ಟಳು.

ಎರಡನೇ ಡಬ್ಬಿಗೆ ಕರೆಂಟ್ ಹೋದಾಗ ಕೂಗುವ ಬಜರ್ ಕೂಡಿಸಿದರು. ಡೇರಿಯ ಕಾರ್ಯದರ್ಶಿ ಬಸಗೊಂಡಪ್ಪ ಅದರ ಬಾಯಿಗೆ ಅರಳೆ ತುರುಕಿದರು. "ಕಿವ್ಯಾಗ ಹೊಕ್ಕು ಕೊರದಂಗ ಆಗತಿತ್ರಿ," ಎಂಬುದು ಅವರ ಸಮಜಾಯಿಷಿ. ಅರಳೆಯ ಹಿಂದೆ ಬಜರ್ ಕೂಗಿ ಕೂಗಿ ಸುಮ್ಮನಾಯಿತು, ಯಂತ್ರ ಮತ್ತೆ ನಿಂತಿತು. "ಇನ್ನೊಮ್ಮೆ ನಿಂತರ ಡಬ್ಬಿ ತಗೊಂಡು ಹೋಗಿಬಿಡ್ರಿ. ಜೈನಾಪುರದ ಡೇರಿಯವರು ಡಬ್ಬಿ ಹೆಂಗೈತಿ ಅಂತ ಕೇಳಾಕತ್ತಾರ, ಅವರಿಗೂ ಬ್ಯಾಡ ಅಂತ ಹೇಳತೀನಿ," ಎಂದರು ಬಸಗೊಂಡಪ್ಪ.

ನಿನ್ನೆ ಸಂಜೆ ಕೂಡಿಸಿದ್ದು ಮೂರನೇ ಡಬ್ಬಿ. ಬಜರ್ ಇಲ್ಲ. ಮೊಬೈಲ್ ಕಿಂಡಿಗಳನ್ನು ನಿಖತ ಹಾಗೇ ಉಳಿಸಿದ್ದಾರೆ, ಅವುಗಳಿಗಿದ್ದ ಬ್ಯಾಟರಿಯ ನಂಟನ್ನು ಮಾತ್ರ ಕಡಿದಿದ್ದಾರೆ; ಅವು ಕರೆಂಟ್ ಇದ್ದಾಗಷ್ಟೇ ನಡೆಯುತ್ತವೆ. "ಮಂದಿ ಮಶೀನ್ ನೋಡಂಗಿಲ್ರಿ, ಮೊಬೈಲ್ ನೋಡ್ತಾರ," ಎಂದು ಮೆಲ್ಲಗೆ ನಗುತ್ತಾರೆ.

ಗುರುಬಸವ್ವನ ಸರದಿ ಬರುತ್ತದೆ. ಸ್ಯಾಂಪಲ್ ಹಾಲು ನಳಿಕೆಗೆ ಏರುತ್ತದೆ.

"ಏ, ನನ್ನ ಚಾರ್ಜರ್ ಯಾವನ್ಲೇ ಕಿತ್ತಾಂವ?" ಸಾಲಿನಲ್ಲಿದ್ದ ಮುತ್ತು ಕೂಗುತ್ತಾನೆ.

"ಯಾರೂ ಕಿತ್ತಿಲ್ಲೋ, ಕರೆಂಟ್ ಹೋಗೇತಿ!" ಎಂದ ಬಸಗೊಂಡಪ್ಪ ಸಾಲಿನತ್ತ ಕೈ ಬೀಸುತ್ತಾರೆ. "ಲಗು ಲಗು ಬರ್ರಿ, ಬ್ಯಾಟರಿ ಮ್ಯಾಲ ನಡದೈತಿ!"

ನಿಖತ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ. ಯಂತ್ರದ ಪರದೆ ಮಿನುಗುವುದಿಲ್ಲ, ಆರುವುದಿಲ್ಲ. ಅಂಕಿ ಮೂಡುತ್ತದೆ.

"ಎಷ್ಟ ಬಂತೋ ಯಪ್ಪಾ?" ಗುರುಬಸವ್ವ ಕೇಳುತ್ತಾಳೆ.

"ಐದು ಪಾಯಿಂಟ್ ಎಂಟು, ಬೇ," ಎನ್ನುತ್ತಾರೆ ಬಸಗೊಂಡಪ್ಪ.

"ಅಷ್ಟ ಏನು? ಹಿಂಡಿ ತಿಂದು ನೀರ ಕೊಟ್ಟೈತಿ ನೋಡು ಹೊಲಸ ಎಮ್ಮಿ! ಮನಿಗೆ ಹೋಗಿ ವಿಚಾರಸ್ತೀನಿ ಅದನ್ನ." ಗುರುಬಸವ್ವ ಖಾಲಿ ಕೊಡ ಎತ್ತಿಕೊಂಡು, ಡಬ್ಬಿಯ ಕಡೆ ಕಣ್ಣೂ ಹಾಯಿಸದೆ ಹೊರಡುತ್ತಾಳೆ.

ಬಸಗೊಂಡಪ್ಪ ತಲೆಯೆತ್ತದೆಯೇ ಹೇಳುತ್ತಾರೆ: "ಜೈನಾಪುರಕ್ಕ ಫೋನ್ ಹಚ್ಚತೀನ್ರಿ."

ಡಬ್ಬಿಯ ಮೇಲೆ ಹೆಸರು ಬರೆಸಬಾರದೇ ಎಂದು ಕೇಳಿದರೆ ನಿಖತ ತಲೆ ಅಲ್ಲಾಡಿಸುತ್ತಾರೆ. "ಬ್ಯಾಡ್ರಿ, ಕೆಟ್ಟಾಗಷ್ಟ ಓದ್ತಾರ ಅದನ್ನ." ಬಸ್ಸಿಗೆ ಹೊರಟವರು ಗುರುಬಸವ್ವ ಹೋದ ದಾರಿಯನ್ನೊಮ್ಮೆ ನೋಡಿ ನಗುತ್ತಾರೆ. "ಇವತ್ತ ಅಕ್ಕಾರು ಎಮ್ಮಿಗಿ ಬೈದ್ರು, ಮಶೀನಿಗಿ ಬೈಲಿಲ್ಲ. ಸಾಕ್ರಿ ನಂಗ."