ಏಳು ಕಿಲೋ ಖಾರ

ಕಂಪ್ಯೂಟರಿನ ಸಿ ಭಾಷೆಯಲ್ಲಿ ಭಾಗಾಕಾರದ ಗೆರೆ ಹಾಕುವಾಗೆಲ್ಲ ನನಗೆ ಹುರಿದ ಕೊತ್ತಂಬರಿಯ ವಾಸನೆ ಬರುತ್ತದೆ. ನಗಬೇಡಿ, ಕಾರಣವಿದೆ.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಬ್ಯಾಡಗಿಯಿಂದ ಹಾವೇರಿಗೆ ಬೆಳಗಿನ ರೈಲಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ತಿಂಗಳು ತುಂಬುತ್ತಲೇ ಅಪ್ಪ ತಕರಾರು ತೆಗೆದ. "ಅದರಿಂದ ಮನಿಗೇನ ಉಪಯೋಗ, ತೋರಿಸು. ನಿಮ್ಮವ್ವ ಹೂಂ ಅಂದ್ರ ಮುಂದ ಹೋಗು. ಇಲ್ಲಾಂದ್ರ ಸಾಕು."

ಅವ್ವ ಆಗ ವರ್ಷದ ಮಸಾಲೆ ಖಾರಕ್ಕೆಂದು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎರಡು ಕಿಲೋ ಕಾಯಿಗೆ ಇಷ್ಟು ಕೊತ್ತಂಬರಿ, ಇಷ್ಟು ಜೀರಿಗೆ, ಇಷ್ಟು ಒಣಕೊಬ್ಬರಿ ಎಂಬುದು ಅವಳ ಅಳತೆ. ಕಾಯಿಯ ತೂಕವನ್ನು ಎರಡರಿಂದ ಭಾಗಿಸಿ, ಒಂದೊಂದು ಅಳತೆಯಿಂದ ಗುಣಿಸುವ ಪ್ರೋಗ್ರಾಂ ಒಂದನ್ನು ಕ್ಲಾಸಿನಲ್ಲಿ ಬರೆದೆ. ನಾಲ್ಕು ಕೊಟ್ಟು ನೋಡಿದೆ, ಆರು ಕೊಟ್ಟು ನೋಡಿದೆ, ಸರಿಯಾಗಿ ಬಂತು. ಮನೆಯಲ್ಲಿದ್ದದ್ದು ಏಳು ಕಿಲೋ. ಏಳು ಒತ್ತಿ, ಬಂದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಬಂದೆ. ಅವ್ವ ಚೀಟಿಯಲ್ಲಿದ್ದಂತೆಯೇ ತೂಗಿ, ಹುರಿದು, ಗಿರಣಿಗೆ ಕಳಿಸಿದಳು.

ಗಿರಣಿಯಿಂದ ಬಂದ ಖಾರವನ್ನು ನಾಲಿಗೆಗೆ ಇಟ್ಟವಳೇ ಅಂದಳು, "ಒಂದ ಕಿಲೋ ಕಾಯಿಗೆ ಮಸಾಲಿನ ಬಿದ್ದಿಲ್ಲಲ್ಲ."

"ಕಂಪ್ಯೂಟರ್ ತಪ್ಪಂಗಿಲ್ಲಬೇ, ನಿನ್ನ ನಾಲಿಗಿನ ಕೆಟ್ಟೈತಿ!" ಎಂದು ಹಾರಾಡಿದೆ. ಎಂಥ ಸೊಕ್ಕು ನನಗೆ! ಅವ್ವ ಒಂದು ಕಿಲೋಕ್ಕಾಗುವಷ್ಟು ಮಸಾಲೆ ಹುರಿದು, ಒಳಕಲ್ಲಿನಲ್ಲಿ ಕುಟ್ಟಿ ಬೆರೆಸಿದಳು.

ಊಟಕ್ಕೆ ಕೂತ ಅಪ್ಪ ರೊಟ್ಟಿಗೆ ಖಾರ ಹಚ್ಚಿಕೊಂಡು ಅವ್ವನನ್ನು ಕೇಳಿದ, "ಏನಂತೈತಿ ಕಂಪ್ಯೂಟರ್?" ಅವ್ವ ತಲೆ ಎತ್ತದೆ, "ಲೆಕ್ಕಾ ಬರೋಬ್ಬರಿ ಐತ್ರಿ. ಹೋಗ್ಲಿ ಬಿಡ್ರಿ ಹುಡುಗಿ" ಅಂದಳು.

ಮರುದಿನ ಕ್ಲಾಸಿನಲ್ಲಿ ಸರ್‌ಗೆ ಪ್ರೋಗ್ರಾಂ ತೋರಿಸಿದೆ. "ಪೂರ್ಣಾಂಕಾನ ಪೂರ್ಣಾಂಕದಿಂದ ಭಾಗಿಸಿದ್ರ ಸಿ ಭಾಷೆ ಅರ್ಧಾ ಇಟ್ಕೊಳ್ಳಂಗಿಲ್ಲ. ಏಳನ್ನ ಎರಡರಿಂದ ಭಾಗಿಸಿದ್ರ ಬರೇ ಮೂರು" ಅಂದರು. ಮೂರು ಅಂದರೆ ಆರೇ ಕಿಲೋದ ಮಸಾಲೆ. ಅವ್ವ ಹೇಳಿದ ಆ ಒಂದು ಕಿಲೋ ಅಲ್ಲಿಯೇ ಬಿದ್ದುಹೋಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸಂಜೆ ಮನೆಗೆ ಬಂದು ಎಲ್ಲ ಹೇಳಿ ಅತ್ತೆ. "ಅಳಬ್ಯಾಡ, ನಾಳಿ ಹೋಗಿ ತಿದ್ದು. ನಿಮ್ಮಪ್ಪಗ ಹೇಳಾಕ ಹೋಗಬ್ಯಾಡ ಮತ್ತ" ಅಂದಳು ಅವ್ವ.

"ಗೊತ್ತಿದ್ದೂ ಯಾಕ ಬರೋಬ್ಬರಿ ಐತಿ ಅಂದಿ ನಿನ್ನೆ?"

ಅವ್ವ ಮೆಣಸಿನಕಾಯಿಯಿಂದ ಕೆಂಪಾಗಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು. "ಖರೇ ಹೇಳಿದ್ರ ನೀ ಇವತ್ತ ರೈಲ ಹತ್ತತಿದ್ದಿಲ್ಲವಾ. ನನ್ನ ಬಾಜೂ ಕುಂತು ತೊಟ್ಟು ಬಿಡಸ್ತಿದ್ದಿ."